ಶಾಹಿಂದಾಳಿಗೆ ಬೇಕಿದ್ದ ಒಂದು ‘ಇನ್ನೊಮ್ಮೆ’

ಕೈರೋದ ಬಾಬ್ ಅಲ್ ಶಾರಿಯಾದಲ್ಲಿ, ನಮ್ಮ ಗಲ್ಲಿಯಲ್ಲಿ, ಶಾಹಿಂದಾ ಏನು ಕೆಲಸ ಮಾಡುತ್ತಾಳೆಂದು ಯಾರನ್ನಾದರೂ ಕೇಳಿ ನೋಡಿ. ಒಬ್ಬರು ರೇಡಿಯೋ ರಿಪೇರಿ ಎನ್ನುತ್ತಾರೆ. ಇನ್ನೊಬ್ಬರು, ಹೋದಲ್ಲೆಲ್ಲ ಮೈಕು ಹಿಡಿದುಕೊಂಡೇ ಇರುತ್ತಾಳಲ್ಲ, ಟಿವಿಯವಳಿರಬೇಕು ಎನ್ನುತ್ತಾರೆ. ಎದುರು ಮನೆಯ ಉಮ್ ರಿದಾ ಮಾತ್ರ, ಪಾಪ, ಮದುವೆಯಾಗದ ಹುಡುಗಿ, ಏನೋ ಒಂದು ಮಾಡಿಕೊಂಡಿರಲಿ ಬಿಡಿ ಎಂದು ನಿಟ್ಟುಸಿರು ಬಿಡುತ್ತಾಳೆ. ಹುಡುಗಿಗೆ ನಲವತ್ತಾಯಿತು. ಸಂಗೀತ ಕಟ್ಟುತ್ತಾಳೆ ಎಂದು ಹೇಳುವವರು ಗಲ್ಲಿಯಲ್ಲಿ ಒಬ್ಬರೂ ಇಲ್ಲ. ಜಪಾನಿನಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ಜನ ಟಿಕೆಟ್ ಕೊಂಡು, ಕಣ್ಣು ಮುಚ್ಚಿಕೊಂಡು ಕೇಳುವ ಸಂಗೀತವನ್ನು ಅವಳು ಉಪ್ಪಿನಕಾಯಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಕಟ್ಟುತ್ತಿರುವಾಗ, ಯಾರಾದರೂ ಒಬ್ಬರು ಕೆಟ್ಟ ಮಿಕ್ಸಿ ಹಿಡಿದು ಮೆಟ್ಟಿಲು ಹತ್ತಿ ಬಂದೇ ಬರುತ್ತಾರೆ.

"ಇಂಜಿನಿಯರಮ್ಮ, ಇದು ಗೊರ್ ಗೊರ್ ಅಂತಿದೆ, ಸ್ವಲ್ಪ ನೋಡ್ತೀರಾ?"

ನೋಡುತ್ತಾಳೆ, ಅದು ನಿಜ. ರಿಪೇರಿಯನ್ನೂ ಮಾಡಿಕೊಡುತ್ತಾಳೆ. ಆದರೆ ರಿಪೇರಿಗೆ ಮುಂಚೆ ಅದರ ಗೊರ್ ಗೊರ್ ಅನ್ನು ಹಾಗೇ ಮೈಕಿನಲ್ಲಿ ಹಿಡಿದು ಇಟ್ಟುಕೊಳ್ಳುತ್ತಾಳೆ. ಉಮ್ ರಿದಾಳ ಮಿಕ್ಸಿ ಹೀಗೆ ಪರದೇಶದ ದೊಡ್ಡ ಸಭಾಂಗಣದಲ್ಲಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಿದೆ. ಈ ವಿಷಯ ಉಮ್ ರಿದಾಳಿಗೆ ಇನ್ನೂ ತಿಳಿದಿಲ್ಲ, ತಿಳಿಸುವ ಧೈರ್ಯ ನಮಗೂ ಇಲ್ಲ.

ಒಮ್ಮೆ ಶಾಹಿಂದಾ ಪೇಟೆಯ ಹಳೇ ಕಟ್ಟಡವೊಂದರ ಲಿಫ್ಟುಗಳಿಗಾಗಿ ಒಂದು ಕೃತಿ ಕಟ್ಟಿದಳು. ಕೇಳುಗರೆಲ್ಲ ಮೆಟ್ಟಿಲ ಮೇಲೆ ಕೂರಬೇಕು, ಲಿಫ್ಟುಗಳು ಕಿರುಗುಟ್ಟುತ್ತಾ ಮೇಲೆ ಕೆಳಗೆ ಓಡಾಡಬೇಕು. ನಡುವೆ ಐದನೇ ಮಹಡಿಯ ಜಡ್ಜ್ ಸಾಹೇಬರ ವಿಧವೆ, ತರಕಾರಿ ಚೀಲದ ಸಮೇತ, ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಳು. ಮುದುಕಿ ಕಟ್ಟಡ ಕಟ್ಟಿದವನಿಂದ ಹಿಡಿದು ಅವನ ತಾತನವರೆಗೆ ಒಬ್ಬರನ್ನೂ ಬಿಡದೆ ಬೈದಳು. ಕೇಳುಗರು ಮೈಮರೆತು ಕೇಳಿದರು. ಬಾಗಿಲು ತೆರೆದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಯಾರೋ ಹೂಗುಚ್ಛವನ್ನೂ ಕೊಟ್ಟರು. ಆ ಮುದುಕಿ ಇವತ್ತಿಗೂ ಬಂದವರಿಗೆಲ್ಲ, ನಾನೂ ಒಂದು ಕಾಲದಲ್ಲಿ ಹಾಡುತ್ತಿದ್ದೆ ಎಂದು ಹೇಳಿಕೊಳ್ಳುತ್ತಾಳೆ.

ಇಷ್ಟೆಲ್ಲ ಹೆಸರು ಮಾಡಿದವಳಿಗೆ ಬೇಕಾಗಿದ್ದದ್ದು ಒಂದೇ ಒಂದು ವಸ್ತು. ಅದು ಕೆಳಗಿನ ಅಂಗಡಿಯಲ್ಲೇ ಇತ್ತು, ಅವಳಪ್ಪನ ಹೊಟ್ಟೆಯೊಳಗೆ. ಹೊರಗೆ ಬರುತ್ತಿರಲಿಲ್ಲ, ಅಷ್ಟೆ.

ಅವಳಪ್ಪ ಹಾಜಿ ಬಯೂಮಿ ನೋಡುವವರ ಕಣ್ಣಿಗೆ ಉಪ್ಪಿನಕಾಯಿ ಮಾರುವವನು. ಪೀಪಾಯಿಗಳಲ್ಲಿ ಉಪ್ಪುನೀರು, ಅದರಲ್ಲಿ ಕ್ಯಾರೆಟ್ಟು, ನಿಂಬೆ, ಗುಲಾಬಿ ಬಣ್ಣಕ್ಕೆ ತಿರುಗಿದ ಟರ್ನಿಪ್ ಗೆಡ್ಡೆ. ಆದರೆ ಅವನ ನಿಜವಾದ ಕಸುಬು ಕೇಳುವುದು. ಈ ಊರಿನಲ್ಲಿ ಹಾಡುವವರು ಸಾವಿರ ಸಿಕ್ಕಾರು, ಹಾಜಿ ಬಯೂಮಿಯ ಹಾಗೆ ಕೇಳುವವರು ಬೆರಳೆಣಿಕೆಯಷ್ಟು. ಗಾಯಕ ಒಂದು ಸಾಲನ್ನು ಬಳುಕಿಸಿ, ಏರಿಸಿ, ಇನ್ನೇನು ಕೈತಪ್ಪಿತು ಎನ್ನುವಾಗ ಮೆಲ್ಲಗೆ ಮನೆ ಮುಟ್ಟಿಸಿದರೆ, ಹಾಜಿಯ ಹೊಟ್ಟೆಯ ತಳದಿಂದ "ಅಲ್ಲಾಹ್!" ಎಂದು ಒಂದು ಉಸಿರು ಹೊರಡುತ್ತಿತ್ತು. ಹಿಂದೆಯೇ "ಇನ್ನೊಮ್ಮೆ!" ಎಂಬ ಅಪ್ಪಣೆ. ಅಪ್ಪಣೆಯಾದ ಮೇಲೆ ಗಾಯಕ ಮುಂದಕ್ಕೆ ಹೋಗುವ ಹಾಗಿಲ್ಲ, ಮತ್ತೆ ಅದೇ ಸಾಲಿಗೆ ಬರಬೇಕು, ಬೇರೆ ದಾರಿ ಹಿಡಿದು ಬರಬೇಕು. ಒಂದು ಮದುವೆಯಲ್ಲಿ ಹಾಜಿ ಹೀಗೆ ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತಾ ಹೋಗಿ, ಮದುಮಗಳು ಊಟಕ್ಕೆ ಎದ್ದುಹೋಗಿ ಬಟ್ಟೆ ಬದಲಿಸಿ ಬಂದರೂ ಗಾಯಕ ಅದೇ ಸಾಲಿನಲ್ಲಿದ್ದ. ಊರಿನ ಗಾಯಕರೆಲ್ಲ ಬಾಯಿ ತೆರೆಯುವ ಮುಂಚೆ, ಹಾಜಿ ಎಲ್ಲಿ ಕೂತಿದ್ದಾನೆ ಎಂದು ಒಮ್ಮೆ ಕಣ್ಣು ಹಾಯಿಸಿಕೊಳ್ಳುತ್ತಿದ್ದರು.

ಇಂಥವನ ಮಗಳು ಶಾಹಿಂದಾ. ಅಪ್ಪ ಆಸೆಯಿಂದ ಔದ್ ವಾದ್ಯ ತಂದುಕೊಟ್ಟ. ಅವಳು ಅದರ ತಂತಿಗಳನ್ನು ಒಂದೊಂದಾಗಿ ತಿರುಚಿ ತಿರುಚಿ ಹರಿದು, ಹರಿಯುವಾಗ ಯಾವುದು ಹೇಗೆ ಅಳುತ್ತದೆ ಎಂದು ಕೇಳಿದಳು. ಆಮೇಲೆ ಸಂಗೀತ ಶಾಲೆಗೆ ಹೋದಳು, ಪರದೇಶಕ್ಕೂ ಹೋದಳು. ಬರುವಾಗ ಒಂದು ಪೆಟ್ಟಿಗೆ ವೈರುಗಳನ್ನೂ ಒಂದು ವ್ರತವನ್ನೂ ತಂದಳು. ತನ್ನ ಸಂಗೀತದಲ್ಲಿ ಯಾವುದೂ ಎರಡನೇ ಸಲ ಬರುವುದಿಲ್ಲ ಎಂಬುದೇ ಆ ವ್ರತ. ಒಮ್ಮೆ ಆದದ್ದು ಆಯಿತು. ಕೃತಿಯೂ ಅಷ್ಟೆ, ಒಂದೇ ಸಲ.

ಹಾಜಿ ಗೆಡ್ಡೆ ಹೆಚ್ಚುತ್ತಾ ಇದನ್ನು ಪೂರ್ತಿ ಕೇಳಿಸಿಕೊಂಡ.

"ಎರಡನೇ ಸಲ ಬೇಡ ಅನ್ನೋ ಸಂಗೀತಾನ ಮೊದಲನೇ ಸಲ ಯಾಕಮ್ಮಾ ಕೇಳ್ಬೇಕು?"

"ನೀವು ಒಂದ್ಸಲ ಕೇಳಿ ನೋಡಿ ಬಾಬಾ."

ಕೇಳಿದ. ಮಗಳದು ತಾನೇ ಎಂದು ಅಸಡ್ಡೆ ಮಾಡಿದವನಲ್ಲ. ಒಂದು ಕಛೇರಿಯನ್ನೂ ತಪ್ಪಿಸದೆ, ಬೂದು ಬಣ್ಣದ ಸೂಟು ಹಾಕಿಕೊಂಡು, ಉಪ್ಪಿನಕಾಯಿ ವಾಸನೆ ಮುಚ್ಚಲು ಅರ್ಧ ಸೀಸೆ ಸೆಂಟು ಸುರಿದುಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಇಸ್ತ್ರಿ ಪೆಟ್ಟಿಗೆಯ ಬುಸ್ ಕೇಳಿದ, ಲಿಫ್ಟಿನ ಕೀರಲು ಕೇಳಿದ, ತನ್ನದೇ ಅಂಗಡಿಯ ಪೀಪಾಯಿಯಲ್ಲಿ ಗೆಡ್ಡೆ ಹುಳಿಯುವ ಗುಳುಗುಳುವನ್ನು ಒಂದು ಗಂಟೆ ಕೇಳಿದ. ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲ ಮುಗಿದ ಮೇಲೆ ಬಂದು ಮಗಳ ತಲೆ ಸವರಿ, ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ.

"ದೇವರು ನಿಂಗೆ ಸುಲಭ ಮಾಡ್ಲಿ, ಮಗಳೇ."

ಕೇಳಲು ಆಶೀರ್ವಾದದ ಹಾಗೆಯೇ ಇದೆ. ಆದರೆ ಅಂಗಡಿಗೆ ಭಿಕ್ಷುಕರು ಬಂದಾಗ, ಜೇಬಿಗೆ ಕೈ ಹಾಕುವ ಮನಸ್ಸಿಲ್ಲದಿದ್ದರೆ ಹಾಜಿ ಹೇಳುವ ಮಾತೂ ಇದೇ. ನಮ್ಮಲ್ಲಿ ಎಲ್ಲರೂ ಹೇಳುವುದು ಇದನ್ನೇ. ಮುಂದಿನ ಬಾಗಿಲು ನೋಡಿಕೋ ಎಂದು ಅರ್ಥ. ಶಾಹಿಂದಾಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಪರದೇಶದ ಪಂಡಿತರು ಎಷ್ಟೇ ಹೊಗಳಲಿ, ಅವಳಿಗೆ ಅದು ಸಪ್ಪೆ. ಎಂಟು ವರ್ಷದವಳಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು, ಆ "ಅಲ್ಲಾಹ್" ಅವನ ಬೆನ್ನುಮೂಳೆಯಲ್ಲಿ ಹೊರಟು ತನ್ನ ಬೆನ್ನಿನಲ್ಲೂ ನಡುಗಿದ್ದನ್ನು ಅವಳು ಮರೆತಿರಲಿಲ್ಲ. ಅದು ಒಮ್ಮೆ ತನ್ನ ಪಾಲಿಗೂ ಬರಬೇಕು. ಇಷ್ಟೇ ಅವಳ ಆಸೆ. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಗಲ್ಲಿಗೆಲ್ಲ ಗೊತ್ತಿತ್ತು.

ಕಳ್ಳದಾರಿಗಳನ್ನೂ ಹಿಡಿದು ನೋಡಿದಳು. ಒಂದು ಕಛೇರಿಯಲ್ಲಿ ಗೆಳೆಯನೊಬ್ಬನನ್ನು ಹಿಂದೆ ಕೂರಿಸಿ, ಸರಿಯಾದ ಹೊತ್ತಿಗೆ "ಅಲ್ಲಾಹ್!" ಅನ್ನು, ಬಾಬಾನಿಗೂ ಹುರುಪು ಬರುತ್ತದೆ ಎಂದಿದ್ದಳು. ಅವನು ಅಂದ. ಹಾಜಿ ನಿಧಾನವಾಗಿ ತಿರುಗಿ, ಅನ್ನದಲ್ಲಿ ಕಲ್ಲು ಸಿಕ್ಕವನ ಹಾಗೆ ಅವನನ್ನು ನೋಡಿದ. ಪಾಪದ ಹುಡುಗ ಮಧ್ಯದಲ್ಲೇ ಎದ್ದುಹೋದ. ಇನ್ನೊಮ್ಮೆ ಲಿಫ್ಟು ಮಿಕ್ಸಿಗಳ ನಡುವೆ ಅಪ್ಪನಿಗೆ ಪ್ರಿಯವಾದ ಹಳೇ ರಾಗದ ಒಂದು ಎಳೆ ಸೇರಿಸಿದಳು.

"ನಂಗೋಸ್ಕರ ಬೆಲ್ಲದ ತುಂಡು ಇಟ್ಟಿದ್ದೆ ಅಲ್ವಾ?" ಎಂದ ಹಾಜಿ ಮನೆಗೆ ಬರುವ ದಾರಿಯಲ್ಲಿ.

"ಇಷ್ಟ ಆಯ್ತಾ?"

"ನಾನೇನು ಕತ್ತೇನಾ, ಬೆಲ್ಲ ತೋರಿಸಿದ ಕಡೆ ನಡೆಯೋಕೆ? ದೇವರು ನಿಂಗೆ ಸುಲಭ ಮಾಡ್ಲಿ."

ಕಳೆದ ಚಳಿಗಾಲದಲ್ಲಿ ನಮ್ಮ ಬೀದಿಯ ಹಿಂದಿನ ಹಳೇ ಛತ್ರದಲ್ಲಿ, ಒಂದು ಕಾಲಕ್ಕೆ ವ್ಯಾಪಾರಿಗಳ ಒಂಟೆಗಳು ಇಳಿಯುತ್ತಿದ್ದ ಕಲ್ಲಿನ ಅಂಗಳದಲ್ಲಿ, ಅವಳಿಗೆ ಕಛೇರಿ ಗೊತ್ತಾಯಿತು. ಅಷ್ಟು ವರ್ಷ ಊರೂರು ಸುತ್ತಿದವಳಿಗೆ ಸ್ವಂತ ಗಲ್ಲಿಯ ಪಕ್ಕದಲ್ಲಿ ಇದೇ ಮೊದಲ ಅವಕಾಶ. ಈ ಸಲ ಅವಳು ಆರಿಸಿಕೊಂಡ ವಾದ್ಯ ಗ್ಯಾಸ್ ಸಿಲಿಂಡರು. ಗಾಡಿಯ ಮೇಲೆ ಸಿಲಿಂಡರು ಹೇರಿಕೊಂಡು, ಸ್ಪ್ಯಾನರಿನಿಂದ ಬಡಿಯುತ್ತಾ ಗ್ಯಾಸಿನವರು ಬರುತ್ತಾರಲ್ಲ, ಒಬ್ಬೊಬ್ಬರ ಬಡಿತವೂ ಬೇರೆ. ನಮ್ಮ ಕಡೆಯ ಉಸ್ತಾ ಖಲಾಫನದು ಎರಡು ಚುರುಕು, ಒಂದು ಕುಂಟು. ಅದನ್ನು ಕೇಳಿಯೇ ಬೆಳೆದವಳು ಅವಳು. ನಾಲ್ಕಾರು ಪೇಟೆಗಳ ಗ್ಯಾಸಿನವರನ್ನು ಒಟ್ಟುಗೂಡಿಸಿ, ಊರಾಚೆಯ ಸಿಲಿಂಡರ್ ಗೋದಾಮಿನಲ್ಲಿ ತಾಲೀಮು ಶುರುಮಾಡಿದಳು. ಅಲ್ಲಿ ಮರಳು, ನಾಯಿ ಬಿಟ್ಟರೆ ಕೇಳುವವರಿರಲಿಲ್ಲ.

ಕೃತಿಯ ಜೀವ ಇದ್ದದ್ದು ಬಡಿತದಲ್ಲಲ್ಲ, ಬಡಿದ ಮೇಲಿನ ಮೌನದಲ್ಲಿ. ಒಂದು ಬಡಿತ, ಅದರ ಗುಂಯ್ ಪೂರ್ತಿ ಆರುವ ತನಕ ಮೌನ. ಖಲಾಫನಿಗೆ ಇದು ತಲೆಗೇ ಹತ್ತಲಿಲ್ಲ.

"ಬಡಿದು ಸುಮ್ನೆ ನಿಂತ್ಕೊಳ್ಳೋದಾ ಇಂಜಿನಿಯರಮ್ಮ? ನಾವು ಬಡಿಯೋದೇ ಯಾರಾದ್ರೂ ಕೂಗ್ಲಿ ಅಂತ."

"ಯಾರೂ ಕೂಗಲ್ಲ ಉಸ್ತಾ. ಅದೇ ಇದರ ಸೊಗಸು."

"ಸೊಗಸಾ? ಯಾರೂ ಕೂಗ್ದೇ ಇದ್ದ ದಿನ ನನ್ನ ಹೆಂಡ್ತಿ ಮುಖ ನೋಡಿದ್ದೀರಾ?"

ಖಾಲಿ ಸಿಲಿಂಡರು ಹಾಡುತ್ತದೆ, ತುಂಬಿದ್ದು ಗೊಣಗುತ್ತದೆ, ತನಗೆ ಎರಡೂ ಬೇಕು ಎಂದು ಶಾಹಿಂದಾ ಪಟ್ಟು ಹಿಡಿದಳು. ಎಷ್ಟು ಕಷ್ಟವಾದರೂ ತುಂಬಿದವನ್ನೂ ತರಿಸಿದಳು.

ಹಾಜಿ ಬಯೂಮಿ ಮಾತ್ರ ಈ ಸಲ ಮೊಣಕಾಲು ನೀವಿಕೊಳ್ಳುತ್ತಾ ಬಾಂಬು ಹಾಕಿದ.

"ಇದೇ ಕೊನೆ ಮಗಳೇ. ಆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಎದ್ದು ನನ್ನ ಮೊಣಕಾಲು ಹೋಯ್ತು. ನಿನ್ನ ಸದ್ದಿಗೆ ಬರೋದು ಇನ್ಮೇಲೆ ಆಗಲ್ಲ."

"ಸಂಗೀತ, ಬಾಬಾ."

"ನಾನೂ ಅದನ್ನೇ ಹೇಳಿದ್ದು. ಮೊಣಕಾಲಿಗೆ ತಿಳಿಯಲ್ಲ, ಏನ್ಮಾಡ್ಲಿ."

ಅವಳು ನಕ್ಕಳು. ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ನಗು ಇರಲಿಲ್ಲ. ಈ ಸಲ ಬಂದರೆ ಬಂತು, ಇಲ್ಲದಿದ್ದರೆ ಆ "ಅಲ್ಲಾಹ್" ಜನ್ಮದಲ್ಲಿ ತನ್ನದಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ಕಛೇರಿ ಗುರುವಾರ ಮಧ್ಯಾಹ್ನಕ್ಕೆ ಗೊತ್ತಾಗಿತ್ತು. ಗುರುವಾರ ಎಂದರೆ ಮನೆಮನೆಯಲ್ಲೂ ಶುಕ್ರವಾರದ ಊಟದ ತಯಾರಿ. ಅದೂ ಎಂಥ ಗುರುವಾರ! ವಾರ ಕಳೆದರೂ ಪೇಟೆಗೆ ಗ್ಯಾಸ್ ಬಂದಿರಲಿಲ್ಲ. ಖಲಾಫನ ಗಾಡಿಯ ಸುಳಿವಿಲ್ಲ, ಇರುವುದಾದರೂ ಹೇಗೆ, ಅವನು ತಾಲೀಮಿನಲ್ಲಿದ್ದ. ಶಾಹಿಂದಾಳೇ ಮೂರು ದಿನದಿಂದ ಆರಿದ ಫೂಲ್ ಕಾಳು ಮತ್ತು ಬ್ರೆಡ್ ತಿಂದುಕೊಂಡು, ಒಲೆ ಹತ್ತಿಸಲು ಗ್ಯಾಸಿಲ್ಲ ಎಂದು ಗೊಣಗುತ್ತಿದ್ದಳು. ಆದರೂ ಅವಳಿಗೆ ಹೊಳೆಯಲಿಲ್ಲ. ತಲೆಯಲ್ಲಿ ಕೃತಿ ಹೊಕ್ಕರೆ ಅವಳಿಗೆ ಸಿಲಿಂಡರು ಬರೀ ವಾದ್ಯ.

ಅಂಗಳದಲ್ಲಿ ಕೇಳುಗರು ತುಂಬಿದ್ದರು. ಕುತ್ತಿಗೆಗೆ ಶಾಲು ಸುತ್ತಿಕೊಂಡ ಪರದೇಶದವರು, ಪತ್ರಿಕೆಯಲ್ಲಿ ಬರೆಯುವ ಒಂದಿಬ್ಬರು, ಮುಂದಿನ ಸಾಲಿನಲ್ಲಿ ಹಾಜಿ ಮತ್ತು ಅವನ ಇಬ್ಬರು ಮುದಿ ಗೆಳೆಯರು, ಅವರೂ ಹಳೇ ಕೇಳುಗರೇ. ಗ್ಯಾಸಿನವರು ಒಗೆದ ಗಲಾಬಿಯಾ ನಿಲುವಂಗಿ ತೊಟ್ಟು ಸಿಲಿಂಡರುಗಳ ಹಿಂದೆ ಸಾಲಾಗಿ ನಿಂತಿದ್ದರು. ಶಾಹಿಂದಾ ಬೆರಳೆತ್ತಿದಳು. ಖಲಾಫ್ ಬಡಿದ.

ಎರಡು ಚುರುಕು, ಒಂದು ಕುಂಟು.

ಕಲ್ಲಿನ ಗೋಡೆಗಳು ಆ ಸದ್ದನ್ನು ಎತ್ತಿಕೊಂಡು ಆಡಿಸಿ ಮೆಲ್ಲಗೆ ಕೆಳಗಿಳಿಸಿದವು. ಮೌನ. ಪರದೇಶದವರು ಕಣ್ಣು ಮುಚ್ಚಿದರು. ಶಾಹಿಂದಾ ಎಂದೂ ಇಷ್ಟು ಒಳ್ಳೆಯ ಮೌನವನ್ನು ಕಟ್ಟಿರಲಿಲ್ಲ.

"ಗ್ಯಾಸ್ ಬಂತು!"

ಮೇಲೆಲ್ಲೋ ಒಂದು ಬಾಲ್ಕನಿಯ ಕಿಟಕಿ ದಢಾರೆಂದಿತು. ಇನ್ನೊಂದು. ಮತ್ತೊಂದು.

"ಉಸ್ತಾ ಖಲಾಫ್! ಎಲ್ಲಿ ಸತ್ತಿದ್ದೆ ಇಷ್ಟು ದಿನ? ನಾಲ್ಕನೇ ಮಹಡಿ, ಎರಡು!"

"ಮೊದಲು ನಂದು! ನಾನು ಸೋಮವಾರದಿಂದ ಹೇಳಿದ್ದೀನಿ!"

ಸುತ್ತಲಿನ ಮನೆಗಳ ಮೆಟ್ಟಿಲುಗಳ ಮೇಲೆ ಖಾಲಿ ಸಿಲಿಂಡರುಗಳು ಢಣಢಣ ಉರುಳತೊಡಗಿದವು. ಖಲಾಫ್ ಗಾಬರಿಯಿಂದ ಶಾಹಿಂದಾಳ ಮುಖ ನೋಡಿದ. ಅವಳ ಬೆರಳು ಗಾಳಿಯಲ್ಲೇ ನಿಂತಿತ್ತು. ಛತ್ರದ ದೊಡ್ಡ ಬಾಗಿಲಿನಿಂದ ಎಲ್ಲರಿಗಿಂತ ಮೊದಲು ನುಗ್ಗಿದವಳು ಉಮ್ ರಿದಾ, ತಲೆಯ ಮೇಲೆ ಸಿಲಿಂಡರು, ಕಾಲಲ್ಲಿ ಒಂದೇ ಚಪ್ಪಲಿ. ಹಿಂದೆ ಇಡೀ ಗಲ್ಲಿ.

"ತುಂಬಿದ್ದು ಯಾವುದು?" ಎಂದಳು ಉಮ್ ರಿದಾ.

"ಮುಟ್ಟಬೇಡ ತಾಯಿ," ಖಲಾಫ್ ಪಿಸುಗುಟ್ಟಿದ, "ಇದು ಸಂಗೀತ."

"ಸಂಗೀತ ಆಮೇಲೆ ಬಾರಿಸ್ಕೋ. ಎಲೆಕೋಸಿನಲ್ಲಿ ಅಕ್ಕಿ ಸುತ್ತಿಟ್ಟು ಬಂದಿದ್ದೀನಿ, ಒಲೆ ಹತ್ತಿಲ್ಲ. ನಿನ್ನ ಸಂಗೀತಾನ ಪಾತ್ರೆ ಕೆಳಗೆ ಇಡ್ಲಾ?"

ಪರದೇಶದವಳೊಬ್ಬಳು ಸಂತೋಷದಿಂದ ಕಣ್ಣೊರೆಸಿಕೊಂಡಳು. ಪತ್ರಿಕೆಯವನು ಪಕ್ಕದವನ ಕಿವಿಯಲ್ಲಿ, ಹೆಂಗಸರ ಮೇಳವನ್ನು ಎಷ್ಟು ಚೆನ್ನಾಗಿ ತಯಾರು ಮಾಡಿದ್ದಾಳೆ ನೋಡಿ ಎಂದ. ಶಾಹಿಂದಾಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ನಿಲ್ಲಿಸಿ ಎಂದು ಕೂಗಬೇಕೆಂದು ಬಾಯಿ ತೆರೆದಳು. ಕೂಗುವ ಮುಂಚೆ, ಅಭ್ಯಾಸ ಬಲ, ಮುಂದಿನ ಸಾಲಿನ ಕಡೆ ಒಮ್ಮೆ ನೋಡಿದಳು.

ಹಾಜಿ ಬಯೂಮಿ ಕುರ್ಚಿಯ ತುದಿಗೆ ಸರಿದಿದ್ದ. ಕಣ್ಣು ಮುಚ್ಚಿತ್ತು. ಬಲಗೈ ಮೊಣಕಾಲನ್ನು ಬಿಟ್ಟು ಎದೆಯ ಮಟ್ಟಕ್ಕೆ ಏರಿ ಮುಂದಿನ ಬಡಿತಕ್ಕೆ ಕಾಯುತ್ತಿತ್ತು.

ಶಾಹಿಂದಾ ತೆರೆದ ಬಾಯನ್ನು ಮುಚ್ಚಿದಳು. ಖಲಾಫನಿಗೆ ಬೆರಳು ತೋರಿಸಿದಳು. ಅವನು ದೇವರ ಮೇಲೆ ಭಾರ ಹಾಕಿ ಬಡಿದ. ಬಡಿತ ಕೇಳಿದ್ದೇ ಹೆಂಗಸರೆಲ್ಲ ಗಪ್‌ಚಿಪ್, ಈಗ ಯಾರ ಸರದಿ ಎಂದು ಕಿವಿ ನಿಮಿರಿಸಿದರು. ಗುಂಯ್ ಆರಿತು. ಆರಿದ್ದೇ ತಡ, ಎಲ್ಲರೂ ಒಟ್ಟಿಗೆ ಸಿಡಿದರು. ಅವಳು ಇನ್ನೊಬ್ಬನಿಗೆ ತೋರಿಸಿದಳು. ಮತ್ತೆ ಬಡಿತ, ಮತ್ತೆ ಉಸಿರು ಹಿಡಿದ ಮೌನ, ಮತ್ತೆ ಸ್ಫೋಟ. ಗೋದಾಮಿನಲ್ಲಿ ಕಟ್ಟಿದ ಮೌನ ಬರೀ ಖಾಲಿ ಮೌನವಾಗಿತ್ತು, ಇದರಲ್ಲಿ ಇಡೀ ಪೇಟೆಯ ಹಸಿವು ತುಂಬಿಕೊಂಡಿತ್ತು. ಬಾಲ್ಕನಿಗಳಿಂದ ಹಗ್ಗದ ಬುಟ್ಟಿಗಳು ಗೋಡೆ ಸವರುತ್ತಾ ಇಳಿದವು. ಖಾಲಿಗಳು ಹಾಡಿದವು, ತುಂಬಿದವು ಗೊಣಗಿದವು. ಎಲ್ಲದರ ನಡುವೆ ಉಮ್ ರಿದಾ ತುಂಬಿದ ಸಿಲಿಂಡರೊಂದನ್ನು ಎರಡೂ ಕೈಯಲ್ಲಿ ತಬ್ಬಿ, ಗೆದ್ದ ಸಂಭ್ರಮಕ್ಕೆ ನಾಲಿಗೆ ಹೊರಳಿಸಿ ಮದುವೆ ಮನೆಯ ಉಲುಲು ಹಾಕಿದಳು. ಅದು ಗೋಡೆ ಹತ್ತಿ, ಬಾಲ್ಕನಿ ಹತ್ತಿ, ಆಕಾಶಕ್ಕೆ ಹೋಗಿ, ಮೆಲ್ಲಗೆ ಖಲಾಫನ ಕೊನೆಯ ಕುಂಟು ಬಡಿತದ ಮೇಲೆ ಬಂದು ಕೂತಿತು.

"ಅಲ್ಲಾಹ್!"

ಸದ್ದು ಬಂದದ್ದು ಹೊಟ್ಟೆಯ ತಳದಿಂದ. ಹಾಜಿ ಬಯೂಮಿ ಎದ್ದು ನಿಂತಿದ್ದ. ಮೊಣಕಾಲಿನ ನೆನಪು ಅವನಿಗೆ ಎಲ್ಲಿತ್ತು! ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಶಾಹಿಂದಾಳ ಬೆನ್ನುಮೂಳೆ ಎಂಟು ವರ್ಷದವಳದಾಗಿ ನಡುಗಿತು. ಸುಖ ಅಂದರೆ ಸುಖ, ಅದಕ್ಕೆ ಬೇರೆ ಮಾತಿಲ್ಲ.

"ಇನ್ನೊಮ್ಮೆ!" ಎಂದ ಹಾಜಿ. "ಇನ್ನೊಮ್ಮೆ, ನನ್ನ ತಾಯಿ! ಆ ಕೊನೇದು, ಇನ್ನೊಮ್ಮೆ!"

"ಇನ್ನೊಮ್ಮೆ!" ಎಂದರು ಇಬ್ಬರು ಮುದಿ ಗೆಳೆಯರು.

ಇಪ್ಪತ್ತು ವರ್ಷದ ವ್ರತವನ್ನು ಶಾಹಿಂದಾ ಒಂದೇ ಕ್ಷಣದಲ್ಲಿ ಗಾಳಿಗೆ ತೂರಿದಳು. ಪಂಡಿತರು ಏನಾದರೂ ಅಂದುಕೊಳ್ಳಲಿ, ಬಾಬಾ ಕೇಳಿದ್ದಾನೆ, ನೂರು ಸಲ ಮಾಡೋಣ. ಅವಳು ಬೆರಳೆತ್ತಿದಳು.

"ಉಸ್ತಾ, ಮೊದಲಿಂದ."

ಖಲಾಫ್ ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ.

"ಮೊದಲಿಂದ ಅಂದ್ರೆ? ಇಂಜಿನಿಯರಮ್ಮ, ಇಲ್ಲೇನಿದೆ ಈಗ?"

ಅವಳು ನೋಡಿದಳು. ತುಂಬಿದ ಸಿಲಿಂಡರು ಒಂದೂ ಇರಲಿಲ್ಲ. ಅವಳ ಮೇಳ ತಲೆಯ ಮೇಲೆ, ಹೆಗಲ ಮೇಲೆ, ಹಗ್ಗದ ತುದಿಯಲ್ಲಿ ಮನೆ ಸೇರುತ್ತಿತ್ತು. ಎದುರಿನ ಕಿಟಕಿಯೊಂದರಿಂದ ಒಗ್ಗರಣೆಯ ಬೆಳ್ಳುಳ್ಳಿ ಆಗಲೇ ವಾಸನೆ ಬಿಡುತ್ತಿತ್ತು, ಉಮ್ ರಿದಾ ತನ್ನ ಎಲೆಕೋಸಿನ ಕಡೆ ಓಡಿದ್ದಳು. ಅವರನ್ನೆಲ್ಲ ಈಗ ಒಲೆ ಆರಿಸಿ, ಸಿಲಿಂಡರು ಬಿಚ್ಚಿ, ಹಸಿದುಕೊಂಡು ಬನ್ನಿ ಎನ್ನಲು ಯಾವ ಗಂಡಿಗೆ ಎದೆಯಿದೆ?

ಹಾಜಿ ಮಾತ್ರ ಎರಡೂ ಕೈ ಚಾಚಿಕೊಂಡು ಅಲ್ಲೇ ನಿಂತಿದ್ದ. ಈ ಊರಿನ ಯಾವ ಗಾಯಕನೂ ಅವನ "ಇನ್ನೊಮ್ಮೆ"ಯನ್ನು ತಳ್ಳಿಹಾಕಿದ್ದಿಲ್ಲ. "ಕೊಡಮ್ಮ, ಒಂದೇ ಒಂದ್ಸಲ," ಎಂದ.

ಶಾಹಿಂದಾ ಅಂಗಳ ದಾಟಿ ಅವನ ಬಳಿ ಬಂದಳು. ಕಣ್ಣೊರೆಸಿಕೊಂಡಳು. ಕೈಯೆತ್ತಿ ಅಪ್ಪನ ಬೋಳು ತಲೆಯನ್ನು ಸವರಿದಳು.

"ದೇವರು ನಿಮಗೆ ಸುಲಭ ಮಾಡ್ಲಿ, ಬಾಬಾ."

ಗೆಳೆಯರಲ್ಲಿ ಒಬ್ಬ ಕುರ್ಚಿಯಿಂದ ಜಾರುವಷ್ಟು ನಕ್ಕ. ಆಮೇಲೆ ಹಾಜಿಗೂ ನಗು ಹತ್ತಿಕೊಂಡಿತು. ಎಷ್ಟು ನಕ್ಕನೆಂದರೆ ಕೆಮ್ಮು ಹತ್ತಿ, ಶಾಹಿಂದಾ ಬೆನ್ನು ಗುದ್ದಬೇಕಾಯಿತು. "ಹಾಳಾದವಳೇ," ಎನ್ನುತ್ತಿದ್ದ ಕೆಮ್ಮಿನ ನಡುವೆ, "ಹಾಳಾದವಳೇ, ಬಯೂಮಿಯ ಮಗಳೇ."

ಮೊಣಕಾಲು ಎಂದು ಅವನು ಆಮೇಲೆ ಬಾಯಿ ಬಿಟ್ಟಿಲ್ಲ. ಮುಂದಿನ ಕಛೇರಿ ಎಲ್ಲಿ, ಯಾವಾಗ ಎಂದು ದಿನಕ್ಕೊಮ್ಮೆ ಕೇಳುತ್ತಾನೆ. ಅಂಗಡಿಗೆ ಬಂದವರು ಅರ್ಧ ಕಿಲೋ ಗೆಡ್ಡೆ ಕೇಳಿದರೆ, ಮೊದಲು ಆ ಗುರುವಾರದ ಕಥೆ ಕೇಳಬೇಕು. ಹೇಳಿ ಹೇಳಿ ಬಾಯಿಗೆ ಸಾಲದಾದಾಗ ಸೌಟು ಹಿಡಿದು ಪೀಪಾಯಿಯ ತಗಡಿನ ಮುಚ್ಚಳದ ಮೇಲೆ ಬಡಿದು ತೋರಿಸುತ್ತಾನೆ. ಎರಡು ಚುರುಕು, ಒಂದು ಕುಂಟು. ಗಿರಾಕಿ ತಟ್ಟೆ ಹಿಡಿದು ನಿಂತಿರುತ್ತಾನೆ. ಅಂಥ ದೊಡ್ಡ ಕೇಳುಗನಿಗೆ ತಾಳ ಮಾತ್ರ ಎಳ್ಳಷ್ಟೂ ನಿಲ್ಲುವುದಿಲ್ಲ, ಮೌನ ಬರುವ ಮುಂಚೆಯೇ ಅವಸರ ಮಾಡಿ ಮುಂದಿನದನ್ನು ಬಡಿದುಬಿಡುತ್ತಾನೆ.

ಮೇಲಿನ ಕಿಟಕಿ ತೆರೆದುಕೊಳ್ಳುತ್ತದೆ.

"ಅವಸರ ಮಾಡಿದ್ರಿ ಬಾಬಾ. ಆರೋ ತನಕ ಕಾಯ್ಬೇಕು. ಇನ್ನೊಮ್ಮೆ."

ಹಾಜಿ ಬಯೂಮಿ ತಲೆ ಎತ್ತದೆ, ಸೌಟಿನ ಉಪ್ಪುನೀರು ಒರೆಸಿ, ಮತ್ತೆ ಬಡಿಯುತ್ತಾನೆ.